ತಾತನ ಕಡಗ, ಅಂಡರ್‌ಟೇಕರ್ ಮತ್ತು ತಮ್ಮನ ರ‍್ಯಾಪು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರು ಬಸ್ಸಿಗೆ ಕಾಯುವವನಿಗೆ ಮೂರೇ ಕೆಲಸ. ಒಂದು, ಕಡ್ಲೆಕಾಯಿ ತಿನ್ನೋದು. ಎರಡು, ಅಂಗಡಿಯಲ್ಲಿ ನೇತುಹಾಕಿದ ಸಿನಿಮಾ ಪತ್ರಿಕೆಯ ಮುಖಪುಟವನ್ನು ದುಡ್ಡು ಕೊಡದೆ ನೋಡೋದು. ಮೂರು, ಯೋಚನೆ ಮಾಡೋದು. ಮೊದಲೆರಡೂ ಮುಗಿದವು, ಬಸ್ಸು ಬರಲಿಲ್ಲ. ಮೂರನೆಯದಕ್ಕೆ ಇಳಿದೆ. ಅದರ ಫಲವೇ ಈ ಲೇಖನ. ನೀವೂ ಈಗ ಯಾವುದೋ ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿದ್ದರೆ, ನಿಮ್ಮ ಬಸ್ಸು ವಸಿ ತಡವಾಗಿಯೇ ಬರಲಿ ಎಂದು ಹಾರೈಸುತ್ತೇನೆ!

ಅವತ್ತು ನನ್ನ ಜೇಬಿನಲ್ಲಿ ಒಂದು ಗಿರವಿ ಚೀಟಿ ಇತ್ತು. ಚೀಟಿ ನನ್ನದಲ್ಲ, ಹನೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನದು. ಅಡವಿಟ್ಟ ಮಾಲು ಅವನದೂ ಅಲ್ಲ, ಯಳಂದೂರಿನಲ್ಲಿರುವ ನಮ್ಮ ತಾತನದು. ಹದಿನೈದು ತೊಲದ ಬೆಳ್ಳಿ ಕಡಗ. ಒಂದು ಕಾಲದಲ್ಲಿ ಕುಸ್ತಿಯಲ್ಲಿ ಗೆದ್ದು ತಂದದ್ದು.

ಚಿಕ್ಕಪ್ಪ ಫೋನ್ ಮಾಡಿ ಹೇಳಿದ್ದರು: "ನೋಡಪ್ಪ, ಇವ್ನು ಸೆಕೆಂಡ್ ಪಿಯುಸಿ ಬುಡ್ತಾನಂತೆ. ರ‍್ಯಾಪ್ ಆಡ್ತಾನಂತೆ. ನೀನು ವಸಿ ಬುದ್ಧಿ ಹೇಳು."

ಬುದ್ಧಿ ಹೇಳೋದಕ್ಕೆ ಸಿಕ್ಕಿದ್ದು ಯಾರು ನೋಡಿ! 2016ರಲ್ಲಿ ಅದೇ ಸೆಕೆಂಡ್ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಗಾಂಧಿನಗರದ ಬಸ್ಸು ಹತ್ತಿದ ಭೂಪ ನಾನೇ!

ಇಸ್ಪೀಟಲ್ಲ ಸ್ವಾಮೀ, ಕುಸ್ತಿ ಕಾರ್ಡು!

ನಾನು ಹುಟ್ಟಿದ್ದು 1997ರಲ್ಲಿ. ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಜಿಲ್ಲೆಯೂ ನಾನೂ ಒಂದೇ ವಾರಿಗೆ. ಇಬ್ಬರೂ ಉದ್ಧಾರವಾಗೋದು ಇನ್ನೂ ಬಾಕಿ ಇದೆ ಅಂತ ಚಿಕ್ಕಪ್ಪ ಹಾಸ್ಯ ಮಾಡುತ್ತಾರೆ.

ನಮ್ಮ ವಾರಿಗೆಯ ಹುಡುಗರಿಗೆ ಕುಸ್ತಿ ಅಂದರೆ ಟೆನ್ ಸ್ಪೋರ್ಟ್ಸ್. ಕೇಬಲ್ ಇದ್ದವರ ಮನೆಯ ಕಿಟಕಿಗೆ ಜೋತುಬಿದ್ದು ನೋಡಿದ ಆ ಪೈಲ್ವಾನರು! ಘಂಟೆ ಬಡಿದು, ದೀಪ ಆರಿ, ಕಪ್ಪು ಕೋಟಿನಲ್ಲಿ ಅಂಡರ್‌ಟೇಕರ್ ನಡೆದು ಬಂದರೆ ನಮಗೆ ಉಚ್ಚೆ ಬರುತ್ತಿತ್ತು. ಮುಖವಾಡದ ರೇ ಮಿಸ್ಟೀರಿಯೋ, ಬೆಟ್ಟದಂಥ ಬಿಗ್ ಶೋ, ಎದೆಯುಬ್ಬಿಸುವ ಬಟಿಸ್ಟಾ… ಇವರೆಲ್ಲ ಪೆಟ್ಟಿಗೆ ಅಂಗಡಿಯಲ್ಲಿ ಕಾರ್ಡುಗಳಾಗಿಯೂ ಸಿಗುತ್ತಿದ್ದರು. ಎತ್ತರ ಎಷ್ಟು, ತೂಕ ಎಷ್ಟು, ತೋಳಿನ ಸುತ್ತಳತೆ ಎಷ್ಟು ಅಂತ ಅಂಕಿ ಹೇಳಿ ಎದುರಾಳಿಯ ಕಾರ್ಡು ಗೆಲ್ಲಬೇಕು. ನನಗೆ ಹದಿನಾರರ ಮಗ್ಗಿ ಇವತ್ತಿಗೂ ಬರೋದಿಲ್ಲ. ಬಿಗ್ ಶೋನ ತೂಕ ಮಾತ್ರ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು!

2006ರಲ್ಲಿ ನಮ್ಮ ದೇಶದ ಖಲಿ ಬಂದ. ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ. ಬಂದ ದಿನವೇ ಅಂಡರ್‌ಟೇಕರನ ಮೇಲೆ ಕೈ ಮಾಡಿದ. ಮರುವರ್ಷ ಜುಲೈನಲ್ಲಿ ವಿಶ್ವ ಹೆವಿವೇಟ್ ಪಟ್ಟವನ್ನೂ ಕಟ್ಟಿಕೊಂಡ. ಅವತ್ತು ನಮ್ಮ ಬೀದಿಯಲ್ಲಿ ವಿಶ್ವಕಪ್ ಗೆದ್ದ ಸಡಗರ!

ಬೇಸಿಗೆ ರಜೆಗೆ ಯಳಂದೂರಿಗೆ ಹೋದಾಗ ಈ ಕಾರ್ಡಿನ ಕಟ್ಟನ್ನು ತಾತನಿಗೆ ತೋರಿಸಿದೆ. ತಾತ ಗರಡಿಯಲ್ಲಿ ಬೆಳೆದ ಆಳು. ಹೊತ್ತು ಮೂಡುವ ಮೊದಲೇ ಎದ್ದು ಸಾಮು ಮಾಡಿ, ಎಣ್ಣೆ ಅರಿಶಿಣ ಬೆರೆಸಿದ ಕೆಮ್ಮಣ್ಣಿನ ಮಟ್ಟಿಯಲ್ಲಿ ಉರುಳಿ, ದಂಡ ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹೊಡೆದವರು. ಬರೋಬ್ಬರಿ ಅರ್ಧ ನಿಮಿಷ ಅಂಡರ್‌ಟೇಕರನ ಮುಖ ನೋಡಿದರು.

"ಇದು ಕುಸ್ತಿ ಅಲ್ಲ ಕನ್ಲಾ, ನಾಟ್ಕ."

ನಾನು ಅತ್ತೇ ಬಿಟ್ಟೆ! ಅಂಡರ್‌ಟೇಕರ್ ಸುಳ್ಳೇ? ಸತ್ತು ಏಳು ಬಾರಿ ಬದುಕಿದವನು ಸುಳ್ಳೇ? ತಾತ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಹೇಳಿದರು: "ನಾಟ್ಕ ಅಂದ್ರೆ ಸುಳ್ಳು ಅಂತ ಯಾರ‍್ಲಾ ಹೇಳ್ದೋರು? ಬೀಳೋದ್ನ ಕಲೀದೆ ನಾಟ್ಕದಲ್ಲೂ ಬೀಳಕ್ಕಾಗಲ್ಲ. ಸೊಂಟ ಮುರೀತದೆ."

ಈ ಮಾತಿನ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಖಾಡದಿಂದ ಬೆಳ್ಳಿತೆರೆಗೆ

ಕುಸ್ತಿಗೂ ಸಿನಿಮಾಕ್ಕೂ ಬೀಗತನ ಹಳೆಯದು. ದೂರ ಯಾಕೆ, ನಮ್ಮ ಎಂ.ಪಿ. ಶಂಕರ್ ಅವರನ್ನೇ ತೆಗೆದುಕೊಳ್ಳಿ. ಮೈಸೂರಿನ ಪೈಲ್ವಾನರು. ಗರಡಿಯ ಮಣ್ಣು ಕೊಡವಿಕೊಂಡು ಬಂದು ಬಣ್ಣ ಹಚ್ಚಿದವರು. ಅಣ್ಣಾವ್ರ 'ಗಂಧದ ಗುಡಿ' (1973) ತೆಗೆದ ನಿರ್ಮಾಪಕರೂ ಅವರೇ. ಕಾಡು, ಆನೆ ಅಂದರೆ ಅವರಿಗೆ ಪ್ರಾಣ. 2008ರಲ್ಲಿ ತೀರಿಕೊಂಡರು. ತಾತನಿಗೆ ಅವರ ಮೇಲೆ ಎಂಥ ಅಭಿಮಾನ ಅಂದರೆ, ತೆರೆಯ ಮೇಲೆ ಶಂಕರ್ ಹೊಡೆತ ತಿಂದರೆ ತಾತನಿಗೆ ಕೋಪ. "ನಿಜವಾದ ಅಖಾಡದಲ್ಲಿ ಆಗಿದ್ರೆ ತಿಳೀತಿತ್ತು" ಅಂತ ಗೊಣಗುತ್ತಿದ್ದರು. ಹೊಡೆಯುತ್ತಿದ್ದವರು ಅಣ್ಣಾವ್ರೇ ಆದರೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಿದ್ದರು!

ಹಿಂದಿಯವರು 1996ರ 'ಖಿಲಾಡಿಯೋಂ ಕಾ ಖಿಲಾಡಿ'ಯಲ್ಲಿ ಅಕ್ಷಯ್ ಕುಮಾರ್ ಎದುರು ಅಂಡರ್‌ಟೇಕರನನ್ನೇ ನಿಲ್ಲಿಸಿದರು. ಅಕ್ಷಯ್ ಅವನನ್ನು ಎತ್ತಿ ಒಗೆದ ಅಂತ ನಾವು ಎಷ್ಟು ಕೊಚ್ಚಿಕೊಂಡಿದ್ದೆವು! ಆಮೇಲೆ ತಿಳಿದದ್ದು, ಆ ವೇಷದಲ್ಲಿದ್ದವನು ಬ್ರಯನ್ ಲೀ ಎಂಬ ಬೇರೊಬ್ಬ ಪೈಲ್ವಾನ. ಅಂದರೆ ನಾಟಕದೊಳಗೊಂದು ನಾಟಕ. ನಮ್ಮ ಕಿಚ್ಚ ಸುದೀಪ್ 2019ರಲ್ಲಿ 'ಪೈಲ್ವಾನ್' ಆಗಿ ಮಟ್ಟಿಗೆ ಇಳಿದಾಗ ತಾತನನ್ನು ಕರೆದುಕೊಂಡು ಹೋಗಿದ್ದೆ. ಎಂಬತ್ತರ ಹತ್ತಿರದ ಮುದುಕ, ಇಂಟರ್‌ವಲ್ ತನಕ ಮಿಸುಕಲಿಲ್ಲ. ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಮೈ ಕಟ್ಟವ್ನೆ. ಸುಳ್ಳಲ್ಲ."

ಇನ್ನು ನಮ್ಮ ಸೀಮೆಗೂ ಸಿನಿಮಾಕ್ಕೂ ಇರುವ ನಂಟನ್ನು ಹೇಳಹೊರಟರೆ ಪತ್ರಿಕೆಯ ಪುಟ ಸಾಲದು. ಅಣ್ಣಾವ್ರ ಹೆಸರಿನ ಮುಂದಿರುವ 'ಎಸ್' ಅಂದರೆ ಸಿಂಗಾನಲ್ಲೂರು. ಅದು ನಮ್ಮ ಕೊಳ್ಳೇಗಾಲದ ಕಡೆಯದೇ ಊರು. ಅವರು ಹುಟ್ಟಿದ ಗಾಜನೂರು ಈಗ ತಮಿಳುನಾಡಿನಲ್ಲಿದೆ. ಅವರನ್ನು ವೀರಪ್ಪನ್ 2000ದ ಜುಲೈ 30ರ ರಾತ್ರಿ ಎತ್ತಿಕೊಂಡು ಹೋಗಿದ್ದು ಅಲ್ಲಿಂದಲೇ. ಆ ವೀರಪ್ಪನ್ ಹುಟ್ಟಿದ ಗೋಪಿನಾಥಂ ಕೂಡ ನಮ್ಮದೇ ಕಾಡಂಚಿನ ಊರು. ನಾಡಿನ ದೊಡ್ಡ ನಾಯಕನೂ ಈ ಕಡೆಯವರು, ಖಳನಾಯಕನೂ ಈ ಕಡೆಯವನು! ನೂರ ಎಂಟು ದಿನ ನಮ್ಮ ತಾತ ಕೋಳಿ ಮುಟ್ಟಲಿಲ್ಲವಂತೆ. ಆಗ ನನಗೆ ಮೂರು ವರ್ಷ. ಆ ನೂರ ಎಂಟು ದಿನ ನನಗೂ ಬಾಡಿಲ್ಲ ಅಂತ ಅಮ್ಮ ಹೇಳುತ್ತಿದ್ದರು.

2005ರಲ್ಲಿ 'ಜೋಗಿ' ಬಂತು. ಶಿವಣ್ಣನ ಪಾತ್ರದ ಹೆಸರೇ ಮಾದೇಶ. ನಮ್ಮಲ್ಲಿ ಮನೆಗೊಬ್ಬ ಮಾದೇಶ ಇರುವಾಗ ಕೇಳಬೇಕೇ? ಕೊಳ್ಳೇಗಾಲದ ಟಾಕೀಸಿನ ಮುಂದೆ ಜಾತ್ರೆ. ಎಂಟು ವರ್ಷದ ನಾನು ಚಿಕ್ಕಪ್ಪನ ಹೆಗಲ ಮೇಲೆ. ಕಳೆದುಹೋದ ಮಗನನ್ನು ಹುಡುಕುತ್ತಾ ತಾಯಿ ಬೆಂಗಳೂರಿನ ಬೀದಿಗಳಲ್ಲಿ ಅಲೆಯುವಾಗ ಗಾಂಧಿ ಕ್ಲಾಸಿನ ಗಂಡಸರೆಲ್ಲ ಮೂಗು ಒರೆಸಿಕೊಂಡರು. ಅವತ್ತೇ ತೀರ್ಮಾನ ಮಾಡಿದೆ, ನಾನೂ ಹೋಗಬೇಕು ಬೆಂಗಳೂರಿಗೆ. ಕ್ಯಾಮರಾದ ಹಿಂದೆ ನಿಲ್ಲಬೇಕು.

ಹೋದೆ. ಹೋಗುವಾಗ ಕೈಯಲ್ಲಿ ಕಾಸಿರಲಿಲ್ಲ.

ಹೇಳಬಾರದ್ದು ಹೇಳುತ್ತಿದ್ದೇನೆ

ಸ್ನೇಹಿತರೇ, ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ತಾತನ ಟ್ರಂಕಿನಲ್ಲಿದ್ದದ್ದು ಒಂದು ಕಡಗವಲ್ಲ, ಜೋಡಿ ಕಡಗ. 2016ರಲ್ಲಿ ಅದರಲ್ಲೊಂದನ್ನು ಕದ್ದವನು ನಾನು. ಮಾರಿದ್ದು ಮೂರೂವರೆ ಸಾವಿರಕ್ಕೆ.

ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಒಂದು ತಿಂಗಳು ಉಸಿರಾಡಿದೆ. ಒಂದು ಚಿತ್ರಕ್ಕೆ ಸಹಾಯಕ ನಿರ್ದೇಶಕರ ಸಹಾಯಕನ ಸಹಾಯಕನಾದೆ. ಕ್ಲ್ಯಾಪ್ ಹಿಡಿಯೋದಕ್ಕೂ ಬಿಡಲಿಲ್ಲ, ಕೊಡೆ ಹಿಡಿಯೋ ಕೆಲಸ. ಚಿತ್ರ ಮುಕ್ಕಾಲು ಮುಗಿದು ನಿಂತುಹೋಯಿತು. ಸಂಬಳ ಶೇಷವೇ ಉಳಿಯಿತು. ಎರಡು ವರ್ಷ ಅಲೆದು ಕೊಳ್ಳೇಗಾಲಕ್ಕೆ ವಾಪಸು ಬಂದು, ಲೇಖನಕ್ಕಿಷ್ಟು ಅಂತ ಬರೆಯೋ ಕೆಲಸ ಹಿಡಿದೆ.

ಕಥೆ ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಕಡಗ ಕಾಣೆಯಾದ ವಾರದಲ್ಲೇ ತಾತನ ಮನೆಗೆ ಸುಣ್ಣ ಬಳಿಸಿದ್ದರು. ಅತ್ತೆಗೆ ಸುಣ್ಣ ಬಳಿದವನ ಮೇಲೆ ಅನುಮಾನ. ಪೊಲೀಸಿಗೇನೂ ಹೋಗಲಿಲ್ಲ. ಆದರೆ ಬಾಯಿಗೆ ಬೀಗ ಹಾಕೋರು ಯಾರು? ಬೀದಿಗೆಲ್ಲ ಸುದ್ದಿಯಾಯಿತು. ನನಗೆ ಇದು ಗೊತ್ತಿತ್ತು. ಫೋನಿನಲ್ಲಿ ಅತ್ತೆಯೇ ಹೇಳಿದ್ದರು. ನಾನು "ಹೌದಾ?" ಅಂದು ಸುಮ್ಮನಾದೆ. ಸುಮಾರು ಒಂಬತ್ತು ವರ್ಷ ಸುಮ್ಮನಿದ್ದೆ.

ಈಗ ಎರಡನೇ ಕಡಗ ತಮ್ಮನ ಕೈಯಿಂದ ಗಿರವಿ ಅಂಗಡಿ ಸೇರಿದೆ. ನಾನು ಅವನಿಗೆ ಬುದ್ಧಿ ಹೇಳಬೇಕು!

ರ‍್ಯಾಪ್ ಅಂದರೆ ಏನ್ಲಾ?

ಹನೂರಿಗೆ ಇಳಿದಾಗ ತಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿದ್ದ. ಸುತ್ತಲೂ ಹಳೆಯ ರಗ್ಗು ಕಟ್ಟಿಕೊಂಡು ನಡುವೆ ಹೊಸ ಮೈಕು. ಕಡಗದ ಮೇಲೆ ತಂದ ಹನ್ನೆರಡು ಸಾವಿರ ಹೋದದ್ದು ಅದಕ್ಕೇ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಬೇರೆ.

"ಬಿಡಿಸ್ಕೊತೀನಿ ಕನಣ್ಣ. ಒಂದು ಹಾಡು ಹಿಟ್ ಆಗ್ಲಿ."

ಈ ವಾಕ್ಯವನ್ನು ನಾನೂ ಹೇಳಿಕೊಂಡಿದ್ದೆ. 'ಹಾಡು' ಅನ್ನೋ ಕಡೆ 'ಸಿನಿಮಾ' ಇತ್ತು, ಅಷ್ಟೇ.

"ರ‍್ಯಾಪ್ ಅಂದ್ರೆ ಏನ್ಲಾ ಅದು? ಬೈಯೋದಾ?" ಅಂದೆ, ಗೊತ್ತಿಲ್ಲದವನ ಹಾಗೆ.

ಹುಡುಗ ಪಾಠ ಒಪ್ಪಿಸಿದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಎಂಬ ಕರಿಯ ಹುಡುಗ ತಂಗಿಯ ಪಾರ್ಟಿಗೆ ರೆಕಾರ್ಡು ಹಾಕಿದನಂತೆ. ಹಾಡಿನಲ್ಲಿ ಬರೀ ತಾಳ ಬರುವ ಚೂರನ್ನೇ ಮತ್ತೆ ಮತ್ತೆ ತಿರುಗಿಸಿದನಂತೆ. ಆ ತಾಳದ ಮೇಲೆ ಮಾತು ಕೂರಿಸಿದ್ದೇ ರ‍್ಯಾಪ್ ಆಯಿತಂತೆ. (ನಮ್ಮ 'ಗಂಧದ ಗುಡಿ' ಬಂದದ್ದೂ ಅದೇ 1973. ಹೇಳಿದೆ. ಅವನಿಗೆ ಅದು ಮುಖ್ಯ ಅನ್ನಿಸಲಿಲ್ಲ.) ಬಾಂಬೆಯ ಗಲ್ಲಿ ಹುಡುಗರಾದ ಡಿವೈನ್, ನೇಜಿಯ ಬದುಕನ್ನು ನೋಡಿ 2019ರಲ್ಲಿ 'ಗಲ್ಲಿ ಬಾಯ್' ತೆಗೆದರು. ನಮ್ಮಲ್ಲಿ ಆಲ್ ಓಕೆ, ಎಂಸಿ ಬಿಜ್ಜು ಕನ್ನಡದಲ್ಲಿ ತಾವೇ ಬರೆದು ತಾವೇ ಹಾಡಿದರು. ಚಂದನ್ ಶೆಟ್ಟಿ ಅದರ ಬಲದಿಂದಲೇ ಮನೆಮಾತಾಗಿ 2018ರಲ್ಲಿ ಬಿಗ್ ಬಾಸ್ ಗೆದ್ದರು. 2024ರಲ್ಲಿ ಕೇರಳ ಮೂಲದ ಹನುಮಾನ್‌ಕೈಂಡ್, 'ಬಿಗ್ ಡಾಗ್ಸ್' ಹಾಡಿಗೆ ಜಾತ್ರೆಯ ಮರಣ ಬಾವಿಯೊಳಗೆ ನಿಂತು ಇಡೀ ಪ್ರಪಂಚವನ್ನೇ ತಿರುಗಿ ನೋಡುವಂತೆ ಮಾಡಿದ.

"ನಿರ್ಮಾಪಕ ಬೇಡ, ಗಾಂಧಿನಗರ ಬೇಡ, ಯಾರಿಗೂ ಕೊಡೆ ಹಿಡೀಬೇಕಾಗಿಲ್ಲ ಕನಣ್ಣ!"

ಕೊಡೆ ಅಂದದ್ದು ನನಗೇ ಕೊಟ್ಟ ಪಟ್ಟು. ಸರಿಯಾಗಿಯೇ ಬಿತ್ತು.

ನಿಜ ಹೇಳಬೇಕೆಂದರೆ ಮಾತನ್ನೇ ಹಾಡಾಗಿಸುವ ಈ ಹುಚ್ಚು ನಮಗೆ ಹೊಸದೇನಲ್ಲ. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಕಾಲೇಜು ಹುಡುಗರ ಮಾತನ್ನೇ ಟ್ಯೂನಿಗೆ ಕೂರಿಸಿದಾಗ ಹಿರಿಯರು ಇದು ಹಾಡೇ ಅಂದರು. ಹುಡುಗರು ಕ್ಯಾಸೆಟ್ ಸವೆಯುವವರೆಗೆ ಕೇಳಿದರು. 1994ರಲ್ಲಿ ನಮ್ಮ ಮೈಸೂರಿನ ಪ್ರಭುದೇವ ಕುಣಿದ 'ಕಾದಲನ್' ಚಿತ್ರದ ರ‍್ಯಾಪು ಗಡಿ ದಾಟಿ ನಮ್ಮ ಕಡೆಯ ಟೇಪ್ ರೆಕಾರ್ಡರುಗಳಿಗೂ ಬಂದಿತ್ತು.

ಅಷ್ಟೇ ಯಾಕೆ? ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ ನೋಡಿ. ಚಂದ್ರಮಂಡಲಕ್ಕೆ ಬೆಂಕಿ ಬಿದ್ದ ಮೇಲೆ ನೀಲಗಾರರು ತಂಬೂರಿ ಮೀಟಿ, ಗಗ್ಗರ ಆಡಿಸಿ, ಡಕ್ಕೆ ಬಡಿದು ಮಂಟೇಸ್ವಾಮಿಯ ಕಥೆ ತೆಗೆಯುತ್ತಾರೆ. ಒಂದು ಗಳಿಗೆ ಹಾಡು, ಒಂದು ಗಳಿಗೆ ಬರೀ ಮಾತು, ಮಾತೇ ಓಡೋಡಿ ತಾಳವಾಗುತ್ತೆ. ಹಾಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ದಪ್ಪಾಜಿಗೆ ಅವರು ಕೊಟ್ಟ ಕಾಟವನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಕೇಳಿಸಿಕೊಳ್ಳುವವನಿಗೇ ಉಸಿರು ಕಟ್ಟುತ್ತೆ. ಇಲ್ಲದವನು ಇದ್ದವನ ಮುಂದೆ ನಿಂತು ಕೇಳುವ ಕಥೆ ಅದು. ಇನ್ನು ಮಾದಪ್ಪನ ಗುಡ್ಡರು ಕಂಸಾಳೆ ಬೀಸಿ ಕುಣಿಯುತ್ತಾ ಹಾಡುವುದನ್ನು ನೋಡಿದರೆ ಅದು ಹಾಡೋ, ಕುಸ್ತಿಯೋ ಗೊತ್ತಾಗೋದೇ ಇಲ್ಲ! 1996ರ 'ಜನುಮದ ಜೋಡಿ'ಯಲ್ಲಿ ಎಲ್.ಎನ್. ಶಾಸ್ತ್ರಿಯವರು ಕೋಲುಮಂಡೆ ಜಂಗಮನ ಹಾಡು ಹಾಡಿ ಪ್ರಶಸ್ತಿ ತೆಗೆದುಕೊಂಡರಲ್ಲ, ಅದರ ಬೇರು ನಮ್ಮ ಈ ಜನಪದದಲ್ಲೇ ಇದೆ.

"ಸರಿ, ನಿನ್ನದೊಂದು ಹೇಳು" ಅಂದೆ.

ಫೋನಿನಲ್ಲಿ ತಾಳ ಹಾಕಿದ. ಕಣ್ಣು ಮುಚ್ಚಿದ. ಹೇಳಿದ:

"ಗೂಡು ಬೆಂದ್ರೆ ನೂಲು, ನೂಲು ನೇಯ್ದ್ರೆ ಸೀರೆ,
ಸೀರೆ ಉಟ್ಟೋರ್ ಯಾರೋ, ಬೆರಳು ಬೆಂದೋರ್ ಬೇರೆ!"

ನಮ್ಮ ಚಿಕ್ಕಮ್ಮ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ಕುದಿನೀರಿನಲ್ಲಿ ಕೈಯಾಡಿಸಿ ಆಡಿಸಿ ಬೆರಳ ತುದಿಯೆಲ್ಲ ಬಿಳಿಚಿ ಸುಕ್ಕಾಗಿವೆ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂತ ಹೆಮ್ಮೆಯಿಂದ ಎಷ್ಟು ಲೇಖನ ಬರೆದಿದ್ದೇನೋ ನಾನು! ಆ ಬೆರಳಿನ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ತಂದಿದ್ದ ಬುದ್ಧಿವಾದವೆಲ್ಲ ಗಂಟಲಲ್ಲೇ ಉಳಿಯಿತು.

ಆದರೂ ಅಣ್ಣನ ಧರ್ಮ ಅಂತ ಪಿಯುಸಿ ಮಾತು ತೆಗೆದೆ. ಅವನ ಉತ್ತರ ರೆಡಿಯಾಗಿತ್ತು: "ಅಣ್ಣಾವ್ರು ಎಷ್ಟು ಓದಿದ್ರು?"

ನಮ್ಮ ಸೀಮೆಯಲ್ಲಿ ಶಾಲೆ ಬಿಡುವ ಪ್ರತಿ ಹುಡುಗನೂ ಎಸೆಯುವ ಕೊನೆಯ ಅಸ್ತ್ರ ಇದು. ನಾನೂ ಎಸೆದಿದ್ದೆ. ಈಗ ಉತ್ತರ ಗೊತ್ತು. ಶಾಲೆ ಬಿಟ್ಟ ಮುತ್ತುರಾಜ ಮನೆಯಲ್ಲಿ ಕೂರಲಿಲ್ಲ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ನಾಟಕದ ಕಂಪನಿಯಲ್ಲಿ ಬೆಳೆದರು. 1954ರಲ್ಲಿ 'ಬೇಡರ ಕಣ್ಣಪ್ಪ' ಬರುವಾಗ ಇಪ್ಪತ್ತೈದು ವಯಸ್ಸು. ಅಷ್ಟೂ ವರ್ಷ ಕಲಿತದ್ದು ರಂಗದ ಮೇಲೆ, ದೊಡ್ಡವರ ಕಣ್ಣೆದುರು, ತಪ್ಪಿದರೆ ಬೈಸಿಕೊಂಡು. ನಾವಿಬ್ಬರೂ ಶಾಲೆ ಬಿಡೋದನ್ನು ಮಾತ್ರ ಅವರಿಂದ ಕಲಿತೆವು.

ಹೀಗಂತ ಹೇಳಿದೆ. ಹುಡುಗ ಸುಮ್ಮನಾದ. ಆಮೇಲೆ ನಿಧಾನಕ್ಕೆ ಕೇಳಿದ: "ತಾತಂಗೆ ಹೇಳ್ತೀಯಾ ಅಣ್ಣ? ಕಡಗದ್ದು?"

ಟ್ಯಾಪ್ ಔಟ್

ಆ ರಾತ್ರಿ ಹನೂರಿನಲ್ಲೇ ಮಲಗಿದೆ. ನಿದ್ದೆ ಬಾರದೆ ಇಬ್ಬರೂ ಫೋನಿನಲ್ಲಿ ಜಾನ್ ಸೀನಾನ ಕೊನೆಯ ಕುಸ್ತಿ ನೋಡಿದೆವು. ನೆನಪಿದೆಯಲ್ಲ ಸೀನಾ? ರ‍್ಯಾಪ್ ಹೇಳುತ್ತಾ ರಿಂಗಿಗೆ ಬರುತ್ತಿದ್ದ ಪೈಲ್ವಾನ. 2005ರಲ್ಲಿ ರ‍್ಯಾಪ್ ಆಲ್ಬಂ ಕೂಡ ತಂದವನು. ನನ್ನ ಹುಚ್ಚಿಗೂ ತಮ್ಮನ ಹುಚ್ಚಿಗೂ ಸೇರಿ ಒಬ್ಬನೇ ದೇವರು! 'ಎಂದೂ ಸೋಲೊಪ್ಪಬೇಡ' ಅನ್ನೋದು ಅವನ ಮಂತ್ರ. ಟೀ ಶರ್ಟಿನ ಮೇಲೂ ಅದೇ. 2025ರ ಡಿಸೆಂಬರ್ 13ರಂದು ಕೊನೆಯ ಪಂದ್ಯದಲ್ಲಿ ಗುಂಥರ್ ಅವನ ಕುತ್ತಿಗೆ ಹಿಡಿದ. ಸೀನಾ ಒದ್ದಾಡಿದ, ಎದ್ದ, ಮತ್ತೆ ಬಿದ್ದ. ಕೊನೆಗೆ ಕೈ ಬಡಿದು ಸೋಲೊಪ್ಪಿಕೊಂಡ. ನೆರೆದವರೆಲ್ಲ ಕೂಗಾಡಿದರು. ಕ್ಯಾಮರಾ ಹತ್ತಿರ ಹೋದಾಗ ನೋಡಿದೆ, ಅವನ ಮುಖದಲ್ಲಿ ಒಂದು ಸಣ್ಣ ನಗು.

ನಾಟಕವೇ ಇರಬಹುದು. ಬರೆದುಕೊಟ್ಟ ಸೋಲೇ ಇರಬಹುದು. ಆದರೆ ನನಗೆ ತಾತನ ಮಾತು ನೆನಪಾಯಿತು. ಬೀಳೋದನ್ನು ಕಲಿಯದೆ ನಾಟಕದಲ್ಲೂ ಬೀಳೋದಕ್ಕಾಗಲ್ಲ.

ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಯಳಂದೂರಿಗೆ ಹೊರಟೆ.

ತಾತನ ತೀರ್ಪು

ತಾತ ಜಗುಲಿಯಲ್ಲಿ ಕೂತಿದ್ದರು. ಈಗ ಕಿವಿ ಮಂದ. ಅದರಿಂದ ಗುಟ್ಟು ಹೇಳೋದೇ ಕಷ್ಟ, ಕೂಗಿ ಹೇಳಬೇಕು! ನಾನು ಕೂಗಿದೆ: "ತಾತ, ಮೊದ್ಲ ಕಡಗ ಕದ್ದೋನು ನಾನೇ!" ಒಳಗಿದ್ದ ಅತ್ತೆಗೂ ಕೇಳಿಸಿತು. ಎದುರು ಮನೆಯವರಿಗೂ ಕೇಳಿಸಿರಬೇಕು.

ತಮ್ಮ ಬೆಪ್ಪಾಗಿ ನನ್ನ ಮುಖ ನೋಡಿದ. ಅವನ ಕಡಗದ ಸುದ್ದಿ ಇನ್ನೂ ಬಂದಿರಲೇ ಇಲ್ಲ.

ತಾತ ಕೇಳಿದ ಮೊದಲ ಪ್ರಶ್ನೆ: "ಎಷ್ಟ್ಗೆ ಮಾರ‍್ದೆ?"

"ಮೂರೂವರೆ ಸಾವ್ರ."

"ಮೋಸ ಹೋದ್ಯಲ್ಲೋ ಬಡ್ಡೆತ್ತದೆ! ಹದಿನೈದು ತೊಲ ಅದು!"

ನಗೋದೋ ಅಳೋದೋ ತಿಳಿಯಲಿಲ್ಲ. ತಾತ ಹೇಳಿದ್ದು ಸರಿ. ಆಗ ಬೆಳ್ಳಿ ಕೆಜಿಗೆ ನಲವತ್ತು ಸಾವಿರದ ಆಸುಪಾಸು, ಕಡಗಕ್ಕೆ ಏಳು ಸಾವಿರ ಬರಬೇಕಿತ್ತು. 2025ರ ಡಿಸೆಂಬರಿನಲ್ಲಿ ಕೆಜಿ ಎರಡು ಲಕ್ಷ ದಾಟಿತು. ನಾನು ಮಾರಿದ ಕಡಗವನ್ನು ನಾನೇ ಮತ್ತೆ ಮಾಡಿಸಬೇಕೆಂದರೆ ವರ್ಷಪೂರ್ತಿ ಈ ಪತ್ರಿಕೆಗೆ ಬರೆಯಬೇಕು!

ಆದರೆ ತಾತ ನಗುತ್ತಿರಲಿಲ್ಲ. ದನಿ ಇಳಿಸಿ ಹೇಳಿದರು: "ಕಡಗ ಹಾಳಾಗೋಗ್ಲಿ. ಸುಣ್ಣ ಬಳ್ದೋನ ಮನೆಗೆ ಹೋಗ್ಬಾ. ಈಗ್ಲೇ ಹೋಗ್ಬಾ. ಆಮೇಲೆ ನನ್ ಮುಂದೆ ಕೂತ್ಕೊ."

ಹೋದೆ. ಎರಡು ಬೀದಿ ಆಚೆ. ಆತನಿಗೆ ಈಗ ಅರವತ್ತು ದಾಟಿದೆ, ಏಣಿ ಹತ್ತೋದನ್ನು ಬಿಟ್ಟಿದ್ದಾನೆ. ನಾನು ಹೇಳಿದ್ದನ್ನು ತಲೆತಗ್ಗಿಸಿ ಕೇಳಿದ. ಕೋಪ ಮಾಡಲಿಲ್ಲ. "ಕೂತ್ಕೊಳಿ, ಟೀ ಕುಡೀರಿ" ಅಂದ. ಆದರೆ ಆತನ ಹೆಂಡತಿ ಬಾಗಿಲಿಗೆ ಒರಗಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಎರಡು ವರ್ಷ ಆ ಬೀದೀಲಿ ಒಬ್ರೂ ಕೆಲ್ಸುಕ್ ಕರೀಲಿಲ್ಲ ಕನಪ್ಪ. ಮಗಳ ಮದುವೆ ಅದೇ ವರ್ಷ ಇತ್ತು."

ಆ ಟೀ ಗಂಟಲಲ್ಲಿ ಇಳಿಯಲಿಲ್ಲ. ಸಿನಿಮಾದಲ್ಲಾದರೆ ಇಲ್ಲಿ ಹಿನ್ನೆಲೆ ಸಂ‌ಗೀತ ಬರುತ್ತೆ, ಯಾರೋ ಯಾರನ್ನೋ ತಬ್ಬಿಕೊಳ್ಳುತ್ತಾರೆ. ಇಲ್ಲಿ ಹಾಗೇನೂ ಆಗಲಿಲ್ಲ. ಲೋಟ ತೊಳೆದಿಟ್ಟು ಬಂದೆ. ಆಮೇಲೆ ಅತ್ತೆ ತಾವೇ ಆ ಮನೆಗೆ ಹೋಗಿ ಬಂದರು. ಏನು ಮಾತಾಡಿದರೋ ಕೇಳುವ ಧೈರ್ಯ ನನಗಾಗಲಿಲ್ಲ.

ವಾಪಸು ಬರುವಷ್ಟರಲ್ಲಿ ತಮ್ಮ ತನ್ನ ಕಥೆಯನ್ನೂ ತಾತನ ಕಿವಿಗೆ ಕೂಗಿ ಮುಗಿಸಿದ್ದ. ನಾನು ಹೇಳಿಸಲಿಲ್ಲ, ತಾನೇ ಹೇಳಿದ. ತಾತ ಅವನನ್ನು ಅಂಗಳದಲ್ಲಿ ನಿಲ್ಲಿಸಿ "ಅದೇನೋ ಆಡ್ತೀಯಂತಲ್ಲ, ಆಡು" ಅಂದರು. ಹುಡುಗ ಗೂಡು, ನೂಲು, ಬೆರಳಿನದನ್ನೇ ಹೇಳಿದ. ತಾತ ಕಿವಿಗೆ ಕೈ ಕೊಟ್ಟು ಪೂರ್ತಿ ಕೇಳಿದರು.

"ಮಾತು ಚೆನ್ನಾಗದೆ. ಉಸ್ರು ಸಾಲ್ದು. ಕೊನೆ ಕೊನೇಲಿ ಬಾಯಾಡಿಸ್ತಾ ಇದ್ದೀಯೆ, ದನಿ ಇಲ್ಲ. ದಿನಾ ಬೆಳಿಗ್ಗೆ ಬಸ್ಕಿ ಹೊಡಿ."

ಕನ್ನಡ ರ‍್ಯಾಪಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನಂತೂ ಓದಿಲ್ಲ!

ಪಿಯುಸಿ ಬಗ್ಗೆ ತಾತ ಭಾಷಣ ಮಾಡಲಿಲ್ಲ. ಪರೀಕ್ಷೆಗೆ ಫೀಸು ಕಟ್ಟಿದ್ದಾಗಿದೆಯಾ ಅಂತ ಕೇಳಿದರು. ಹೂಂ ಅಂದ. "ಹಂಗಾರೆ ಜೋಡಿ ಕಟ್ಟಾಯ್ತು. ಜೋಡಿ ಕಟ್ಟುದ್ಮೇಲೆ ಅಖಾಡಕ್ಕೆ ಇಳೀಬೇಕು. ಚಿತ್ ಆದ್ರೆ ಆಗು, ಬೆನ್ನಿಗೆ ಮಣ್ಣಾದ್ರೆ ಒರುಸ್ಕೊ. ಇಳೀದೆ ಓಡೋನು ಪೈಲ್ವಾನಲ್ಲ." 2024ರಲ್ಲಂತೂ ಸರ್ಕಾರವೇ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತ್ತು. ಮೂರು ಸಲ ಬೀಳುವ ಅವಕಾಶ! ನಮ್ಮ ಕಾಲದಲ್ಲಿ ಇಷ್ಟು ಉದಾರ ಅಖಾಡ ಇರಲಿಲ್ಲ.

ಸಂಜೆ ಇಬ್ಬರೂ ಯಳಂದೂರಿನಿಂದ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಕಿಟಕಿಯಾಚೆ ಬಿಳಿಗಿರಿ ಬೆಟ್ಟದ ಸಾಲು ಕಪ್ಪಾಗುತ್ತಿತ್ತು. ತಮ್ಮ ಒಂದು ಇಯರ್‌ಫೋನು ನನ್ನ ಕಿವಿಗೆ ಸಿಕ್ಕಿಸಿ, ಒಂದು ತಾಳ ಕೇಳಿಸಿದ. ಕಂಸಾಳೆಯ ಸದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕೂರಿಸಿದ್ದ. ಚೆನ್ನಾಗಿತ್ತು.

"ಅಣ್ಣ, ನಾನು ಬರೀತೀನಿ ಪರೀಕ್ಷೆ. ನೀನೂ ಖಾಸಗಿಯಾಗಿ ಕಟ್ಟೋ" ಅಂದ.

ನಕ್ಕೆ. ಉತ್ತರ ಇನ್ನೂ ಕೊಟ್ಟಿಲ್ಲ.

ಗಿರವಿ ಚೀಟಿ ಈಗಲೂ ನನ್ನ ಜೇಬಿನಲ್ಲಿದೆ. ಬಡ್ಡಿ ಸೇರಿ ಹದಿಮೂರು ಸಾವಿರದ ಹತ್ತಿರ ಬಂದಿದೆ. ಅರ್ಧ ತಮ್ಮನ ಪಾಲು, ರಜೆಯಲ್ಲಿ ದುಡಿದು ಕೊಡುತ್ತಾನಂತೆ. ಅರ್ಧ ನನ್ನದು. ನನ್ನ ಪಾಲಿನ ಮೊದಲ ಕಂತು ನೀವು ಈಗ ಓದಿ ಮುಗಿಸಿದ ಈ ಲೇಖನ.

ಆದ್ದರಿಂದ ಸಂಪಾದಕರೇ, ಈ ಸಲದ ಸಂಭಾವನೆಯನ್ನು ಮಾತ್ರ ದಯವಿಟ್ಟು ತಡಮಾಡಬೇಡಿ!